ಗಡ್ಡಕ್ಕೆ ಕೂರದ ಮಾಸ್ಕು

ಆಷಾಢದಲ್ಲಿ ಮದುವೆಗಳಿಲ್ಲ. ಹಾಗಾಗಿ ಕಲ್ಯಾಣ ಮಂಟಪಗಳಿಗೆ ಅದು ವರ್ಷಕ್ಕೊಮ್ಮೆ ಮೈ ತೊಳೆಸಿಕೊಳ್ಳುವ ಕಾಲ. ಬನಶಂಕರಿಯ ಆ ಮಂಟಪದಲ್ಲಿ ವರ್ಷವಿಡೀ ಬೋರ್‌ವೆಲ್ ನೀರು ಹರಿದು, ಶೌಚಾಲಯಗಳ ಟೈಲ್ಸ್ ಮೇಲೆ ಸುಣ್ಣ ಬಳಿದ ಹಾಗೆ ಉಪ್ಪು ಕಟ್ಟಿಕೊಂಡಿತ್ತು. ಕೆರೆದರೆ ಉಗುರು ಮುರಿಯುತ್ತಿತ್ತೇ ಹೊರತು ಉಪ್ಪು ಅಲುಗುತ್ತಿರಲಿಲ್ಲ. ಅದನ್ನು ತೆಗೆಯಲು ಎಲ್ಲರಿಗೂ ಗೊತ್ತಿರುವ ಉಪಾಯ ಒಂದೇ, ಆಸಿಡ್. ಕ್ಯಾನುಗಟ್ಟಲೆ ತರಿಸುವುದು, ಸುರಿಯುವುದು, ಹೊಗೆ ಎದ್ದಾಗ ಮುಖ ತಿರುಗಿಸುವುದು, ಮತ್ತೆ ಬಗ್ಗಿ ಉಜ್ಜುವುದು. ಸುರಿಯುವವರ ಮೂಗಿಗೆ ಏನು ಹಾಕಬೇಕು ಎನ್ನುವುದು ಮಾತ್ರ ಯಾರ ತಲೆಗೂ ಬರುವುದಿಲ್ಲ.

ಅದು ನನ್ನ ತಲೆಗೆ ಬರಬೇಕು, ನನಗೆ ಸಂಬಳ ಕೊಡುವುದೇ ಅದಕ್ಕೆ. ಮಂಟಪ ತೊಳೆಯುವ ಗುತ್ತಿಗೆ ನಮ್ಮ ಕಂಪನಿಯದು, ಕೆಲಸಗಾರರ ಸುರಕ್ಷತೆ ನೋಡಿಕೊಳ್ಳುವವಳು ನಾನು. ಎಲ್ಲರೂ ನನ್ನನ್ನು ಸೇಫ್ಟಿ ಮೇಡಂ ಎನ್ನುತ್ತಾರೆ. ನಮ್ಮ ಮ್ಯಾನೇಜರೂ ಹಾಗೇ ಕರೆಯುತ್ತಾರೆ, ಅವರ ಬಾಯಲ್ಲಿ ಮಾತ್ರ ಅದು ಬೈಗುಳದ ಥರ ಕೇಳಿಸುತ್ತದೆ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮನೆಯವರೂ ಹೇಳುತ್ತಾರೆ. ಇರಬಹುದು. ಇದನ್ನು ಬರೆಯುವಾಗಲೂ ಅದು ಅಲ್ಲೇ ಇದೆ.

ಕೆಲಸ ಶುರುವಾಗುವ ದಿನ ಮ್ಯಾನೇಜರ್ ಕಳಿಸಿದ್ದು ಒಂದು ಪೆಟ್ಟಿಗೆ ನೀಲಿ ಸರ್ಜಿಕಲ್ ಮಾಸ್ಕು. ಕೊರೊನಾ ಕಾಲದಲ್ಲಿ ಕೊಂಡು ಉಳಿದಿದ್ದವು. ಕಿವಿಗೆ ಸಿಕ್ಕಿಸಿದರೆ ಎಲಾಸ್ಟಿಕ್ಕೇ ಕಿತ್ತು ಬರುತ್ತಿತ್ತು. ಫೋನ್ ಮಾಡಿದೆ.

“ಸಾರ್, ಇದು ಆಸಿಡ್ ಹೊಗೆಗೆ ಆಗಲ್ಲ.”

“ಸರಿ ಬಿಡಿ, ಎನ್-95 ಕಳಿಸ್ತೀನಿ. ಕೊರೊನಾನೇ ತಡೀತು, ಆಸಿಡ್ ತಡಿಯಲ್ವಾ?”

ಎನ್-95 ಧೂಳು ಹಿಡಿಯುತ್ತದೆ, ಸಣ್ಣ ಹನಿ ಹಿಡಿಯುತ್ತದೆ. ಆಸಿಡ್ಡಿನಿಂದ ಏಳುವುದು ಅನಿಲ. ಸೊಳ್ಳೆ ಪರದೆ ಕಟ್ಟಿ ಊದುಬತ್ತಿಯ ಹೊಗೆ ತಡೆಯಲು ಹೊರಟ ಹಾಗೆ ಅದು. ಇದನ್ನು ನಾನು ಮ್ಯಾನೇಜರಿಗೆ ಕನ್ನಡದಲ್ಲಿ ಹೇಳಿದೆ, ಇಂಗ್ಲಿಷಿನಲ್ಲಿ ಹೇಳಿದೆ. ಮಧ್ಯಾಹ್ನ ಎನ್-95 ಬಂತು.

ತಂಡದಲ್ಲಿ ಎಲ್ಲರಿಗಿಂತ ಹಿರಿಯ ಹೆಂಗಸೊಬ್ಬರಿದ್ದರು, ಎಲ್ಲರೂ ಅಕ್ಕ ಎನ್ನುತ್ತಿದ್ದೆವು. ಅವರು ನನ್ನ ಒದ್ದಾಟ ನೋಡಲಾರದೆ ಸೊಂಟದ ಟವಲ್ ತೆಗೆದು ನಲ್ಲಿಯ ಕೆಳಗೆ ಹಿಡಿದರು. “ಒದ್ದೆ ಮಾಡಿ ಕಟ್ಕೊಂಡ್ರೆ ಏನೂ ಆಗಲ್ಲ ಮೇಡಂ. ನೀವ್ ಸುಮ್ನೆ ಟೆನ್ಷನ್ ಮಾಡ್ಕೋಬೇಡಿ.”

“ಅಕ್ಕ, ಆ ಹೊಗೆ ನೀರಿಗೆ ಸೇರಿದ್ರೆ ಮತ್ತೆ ಆಸಿಡ್ಡೇ ಆಗತ್ತೆ. ಅದನ್ನೇ ತುಟಿಗೆ ಕಟ್ಕೋತೀರಾ?”

ಅವರು ಟವಲ್ಲನ್ನು ಒಮ್ಮೆ ನೋಡಿ, ಹಿಂಡಿ, ಹೆಗಲಿಗೆ ಹಾಕಿಕೊಂಡರು. ನಾನು ಆಸಿಡ್ ಕೆಲಸ ನಿಲ್ಲಿಸಿ ಎಲ್ಲರನ್ನೂ ಊಟದ ಹಾಲಿನ ಫ್ಯಾನು ಒರೆಸಲು ಹಚ್ಚಿದೆ.

ಮಾರನೆಯ ದಿನ ಮ್ಯಾನೇಜರೇ ಬಂದರು. ಕೈಚೀಲದಲ್ಲಿ ರಬ್ಬರಿನ ಮಾಸ್ಕುಗಳು, ಮೂಗು ಬಾಯಿ ಎರಡನ್ನೂ ಮುಚ್ಚುವಂಥವು, ಎರಡೂ ಕೆನ್ನೆಗೆ ಒಂದೊಂದು ದುಂಡನೆಯ ಫಿಲ್ಟರ್. ಕೆಲಸದವರು ಅದಕ್ಕೆ ಆಗಲೇ ಡಬ್ಬಿ ಮಾಸ್ಕು ಎಂದು ಹೆಸರಿಟ್ಟರು. ನಾನು ಡಬ್ಬಿ ತಿರುಗಿಸಿ ನೋಡಿದೆ. ಸುತ್ತ ಕಂದು ಪಟ್ಟಿ. ಕಂದು ಪಟ್ಟಿ ಪೇಂಟು, ಥಿನ್ನರುಗಳ ಆವಿಗೆ. ಯಾವುದೋ ಅಪಾರ್ಟ್‌ಮೆಂಟಿಗೆ ಬಣ್ಣ ಹೊಡೆಸಿದಾಗ ತಂದು ಉಳಿದಿದ್ದವು.

“ಎರಡೆರಡು ಡಬ್ಬಿ ಇದೆಯಲ್ಲ ಮೇಡಂ, ಇನ್ನೇನ್ ಬೇಕು ನಿಮಗೆ?”

“ಸರಿಯಾದ ಡಬ್ಬಿ ಬೇಕು ಸಾರ್.”

“ನೀವು ಕಾಲೇಜಲ್ಲಿ ಪಾಠ ಮಾಡ್ಬೇಕಿತ್ತು,” ಎಂದು ನಕ್ಕರು. ಆ ನಗು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಬೇರೆ ದಾರಿ ಕಾಣದೆ ನಾನೇ ಬೊಮ್ಮನಹಳ್ಳಿಗೆ ಹೋದೆ. ಅಲ್ಲಿ ಫ್ಯಾಕ್ಟರಿಗಳ ನಡುವೆ ಹೆಲ್ಮೆಟ್ಟು, ಗ್ಲೌಸು, ಗಂಬೂಟು ನೇತುಹಾಕಿದ ಒಂದು ಅಂಗಡಿ ನನಗೆ ಗೊತ್ತಿತ್ತು. ಅಂಗಡಿಯವರು ನಾನು ಬಾಯಿ ತೆರೆಯುವ ಮೊದಲೇ ಕೇಳಿದರು, “ಏನ್ ಕೆಲಸಕ್ಕೆ ಮೇಡಂ? ಪೇಂಟಾ, ಆಸಿಡ್ಡಾ, ಧೂಳಾ?” ಅಷ್ಟು ದಿನದಲ್ಲಿ ಆ ಪ್ರಶ್ನೆ ಕೇಳಿದ ಮೊದಲ ಮನುಷ್ಯ ಅವರು. ಬೂದು ಮತ್ತು ಹಳದಿ ಪಟ್ಟಿ ಎರಡೂ ಇರುವ ಡಬ್ಬಿ ತೆಗೆದಿಟ್ಟರು. ಬೂದು ಕ್ಲೋರಿನ್ನಿನಂಥ ಅನಿಲಗಳಿಗೆ, ಹಳದಿ ಆಸಿಡ್ ಅನಿಲಗಳಿಗೆ. ಸೀಲು ಒಡೆದಿಲ್ಲವೆ, ಅವಧಿ ಮುಗಿದಿಲ್ಲವೆ ಎಂದು ಒಂದೊಂದನ್ನೂ ನೋಡಿದೆ. ಮಾಸ್ಕಿನಲ್ಲಿ ಸಣ್ಣದು, ಮಧ್ಯಮ, ದೊಡ್ಡದು ಎಂದು ಅಳತೆಗಳಿದ್ದವು. ನಮ್ಮ ಹೆಂಗಸರ ಮುಖಗಳನ್ನು ನೆನಪು ಮಾಡಿಕೊಂಡು ಹೆಚ್ಚಾಗಿ ಸಣ್ಣವನ್ನೇ ಆರಿಸಿದೆ. ಹೊರಡುವಾಗ ಅವರು ಒಂದು ಪುಟ್ಟ ಬಾಟಲಿ ಕೊಟ್ಟರು. ಬಾಳೆಹಣ್ಣಿನ ವಾಸನೆಯ ದ್ರವ. ಮಾಸ್ಕು ಸೋರುತ್ತದೆಯೋ ಇಲ್ಲವೋ ನೋಡಲು ಅದನ್ನು ಬಳಸುತ್ತಾರೆ. “ತಗೊಂಡ್ಹೋದ್ರೆ ಮುಗೀಲಿಲ್ಲ ಮೇಡಂ, ಮುಖಕ್ಕೆ ಕೂರ್ಬೇಕು.”

ಆ ಪರೀಕ್ಷೆಗೆ ಕಂದು ಡಬ್ಬಿಯೇ ಬೇಕು, ಬಾಳೆಹಣ್ಣಿನ ಆವಿಯನ್ನು ಹೀರುವುದು ಅದೇ. ಮ್ಯಾನೇಜರ್ ತಂದಿದ್ದು ಕೊನೆಗೂ ಒಂದು ಉಪಯೋಗಕ್ಕೆ ಬಂತು. ಬೆಳಿಗ್ಗೆ ಎಲ್ಲರನ್ನೂ ಮಂಟಪದ ವೇದಿಕೆಯ ಮೇಲೆ ಸಾಲಾಗಿ ಕೂರಿಸಿದೆ. ಮಾಸ್ಕು ಹಾಕಿ, ಎರಡೂ ಡಬ್ಬಿಯನ್ನು ಅಂಗೈಯಿಂದ ಮುಚ್ಚಿ ಉಸಿರು ಒಳಗೆ ಎಳೆಯಬೇಕು. ಮಾಸ್ಕು ಮುಖಕ್ಕೆ ಅಂಟಿಕೊಂಡು ಹಾಗೇ ನಿಂತರೆ ಸರಿ. ಎಲ್ಲಿಂದಲಾದರೂ ಗಾಳಿ ನುಗ್ಗಿದರೆ ಸೋರುತ್ತಿದೆ ಎಂದು ಅರ್ಥ. ಆಮೇಲೆ ದ್ರವದಲ್ಲಿ ಅದ್ದಿದ ಹತ್ತಿಯನ್ನು ಮುಖದ ಸುತ್ತ ಆಡಿಸುತ್ತ ಬಂದೆ, ಬಾಳೆಹಣ್ಣಿನ ವಾಸನೆ ಬಂದರೂ ಸೋರಿದ ಹಾಗೆಯೇ.

ಮೊದಲ ಸುತ್ತಿನಲ್ಲಿ ಅರ್ಧ ಜನಕ್ಕೆ ಬಾಳೆಹಣ್ಣು ಸಿಕ್ಕಿತು. ಒಬ್ಬಳ ಪಟ್ಟಿ ತುರುಬಿನ ಮೇಲಿಂದ ಜಾರುತ್ತಿತ್ತು, ತುರುಬು ಕೆಳಗಿಳಿಸಿ ಕಟ್ಟಿಸಿದೆ. ಇನ್ನೊಬ್ಬಳು ಕೆನ್ನೆಗೆ ಎಣ್ಣೆ ಅರಿಶಿನ ಹಚ್ಚಿಕೊಂಡು ಬಂದಿದ್ದಳು, ರಬ್ಬರು ನಿಲ್ಲುತ್ತಲೇ ಇರಲಿಲ್ಲ. ಸೋಪು ಹಾಕಿ ತೊಳೆದು ಬಾ ಎಂದರೆ ಮುಖ ಊದಿಸಿಕೊಂಡು ಹೋದಳು. ಅಕ್ಕನಿಗೆ ಮೊದಲ ಸಲವೇ ಸರಿಯಾಗಿ ಕೂತಿತು. “ಅಯ್ಯೋ, ನಂಗ್ ಮಾತ್ರ ಬಾಳೆಹಣ್ಣಿಲ್ವಾ?” ಎಂದು ಎಲ್ಲರನ್ನೂ ನಗಿಸಿದರು.

ಕೊನೆಯವರು ನೆಲ ಉಜ್ಜುವ ಯಂತ್ರ ಓಡಿಸುವವರು. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಅವರಿಗೆ ದಟ್ಟವಾದ ಗಡ್ಡ. ದೊಡ್ಡ ಅಳತೆ ಹಾಕಿಸಿದೆ, ಮಧ್ಯಮ ಹಾಕಿಸಿದೆ, ಪಟ್ಟಿ ಬಿಗಿದೆ. ಪ್ರತಿ ಸಲವೂ ಕೆನ್ನೆಯ ಪಕ್ಕದಿಂದ ಗಾಳಿ ನುಗ್ಗಿತು. ರಬ್ಬರು ಕೂರಬೇಕಾದದ್ದು ಚರ್ಮದ ಮೇಲೆ, ಕೂದಲಿನ ಮೇಲಲ್ಲ.

“ಇದನ್ನ ತೆಗೆದ್ರೆ ಮಾತ್ರ ಆಗೋದು,” ಎಂದೆ.

ಅವರು ತಲೆ ಬಗ್ಗಿಸಿದರು. “ಮನೆಯವಳು ಬಸುರಿ ಮೇಡಂ. ಹೆರಿಗೆ ಆಗೋವರ್ಗೂ ತೆಗೆಯಂಗಿಲ್ಲ.” ಮಾಸ್ಕಿನ ಪಟ್ಟಿ ಬಿಚ್ಚುತ್ತ ಸೇರಿಸಿದರು, “ಮುಂಚೆ ಎರಡು ಸಲ ನಿಲ್ಲಲಿಲ್ಲ. ಕೆಲಸ ಬೇಕಾದ್ರೆ ಬಿಡ್ತೀನಿ.”

ನನಗೆ ಇಂಥದ್ದರಲ್ಲಿ ನಂಬಿಕೆಯಿಲ್ಲ. ಗಂಡನ ಗಡ್ಡಕ್ಕೂ ಹೆಂಡತಿಯ ಬಸಿರಿಗೂ ಏನು ಸಂಬಂಧ ಎಂದು ಕೇಳಬೇಕೆಂದು ನಾಲಿಗೆಯ ತುದಿಗೆ ಬಂತು. ಎರಡು ಸಲ ಕಳೆದುಕೊಂಡವರ ಮುಂದೆ ಅದನ್ನು ಕೇಳುವ ಹಕ್ಕು ನನಗೆ ಯಾರು ಕೊಟ್ಟರು? ತಲೆಯಿಂದ ಇಳಿಬೀಳುವ, ಮುಖಕ್ಕೆ ಅಂಟದ, ಬ್ಯಾಟರಿಯಿಂದ ಗಾಳಿ ಊದುವ ಮುಸುಕಿನಂಥ ಸಾಧನವೂ ಇದೆ. ಗಡ್ಡದವರೂ ಹಾಕಬಹುದು. ಕೇಳಿದರೆ ನಮ್ಮ ಕಂಪನಿ ಕೊಡುವ ಉತ್ತರ ನನಗೆ ಮೊದಲೇ ಗೊತ್ತಿತ್ತು, ಆದರೂ ಕೇಳಿದೆ. ಅಷ್ಟು ದುಡ್ಡಿಲ್ಲ ಎಂಬ ಅದೇ ಉತ್ತರ ಬಂತು. ಸರಿ, ನೀವು ಮೇಲಿನ ಹಾಲಿನಲ್ಲಿ ಯಂತ್ರ ಓಡಿಸಿ, ಆಸಿಡ್ಡಿನ ಹತ್ತಿರ ಕಾಲಿಡಬೇಡಿ ಎಂದೆ. ಮ್ಯಾನೇಜರಿಗೂ ಎದುರಿಗೇ ಹೇಳಿದೆ. ನೆಲಮಾಳಿಗೆಯ ಶೌಚಾಲಯಕ್ಕೆ ಕಿಟಕಿಯಿಲ್ಲ, ಎಕ್ಸಾಸ್ಟ್ ಫ್ಯಾನ್ ಕೆಟ್ಟಿದೆ, ಅದು ರಿಪೇರಿ ಆಗುವವರೆಗೆ ಅಲ್ಲಿ ಯಾರೂ ಆಸಿಡ್ ಸುರಿಯುವಂತಿಲ್ಲ ಎಂದೂ ಹೇಳಿದೆ. ಅವರು ಫೋನ್ ನೋಡುತ್ತಲೇ ಹೂಂ ಎಂದರು.

ಆಮೇಲೆ ಕೆಲಸ ಚೆನ್ನಾಗಿ ನಡೆಯಿತು. ಬಾಗಿಲು ಕಿಟಕಿ ತೆರೆದು, ಸ್ಟ್ಯಾಂಡ್ ಫ್ಯಾನಿಟ್ಟು, ಬಕೆಟ್ಟಿನ ನೀರಿಗೆ ಸ್ವಲ್ಪ ಸ್ವಲ್ಪವೇ ಆಸಿಡ್ ಸೇರಿಸಿ, ಸರದಿಯ ಮೇಲೆ ಒಳಗೆ ಹೋಗಿ ಬರುತ್ತಿದ್ದರು. ಒಂದು ಬೆಳಿಗ್ಗೆ ಬಂದು ನೋಡುತ್ತೇನೆ, ತಾರಸಿಯ ತಂತಿಯ ಮೇಲೆ ಡಬ್ಬಿಗಳು ಬಟ್ಟೆ ಕ್ಲಿಪ್ಪಿನಲ್ಲಿ ನೇತಾಡುತ್ತಿವೆ, ತೊಟತೊಟ ನೀರು ಇಳಿಯುತ್ತಿದೆ. ಎಲ್ಲರ ಬಾಯಿಯ ಹತ್ತಿರ ಇಡುವಂಥದ್ದು, ಎಂಜಲಾಗಿರುತ್ತದೆ ಎಂದು ಅಕ್ಕ ಪಾತ್ರೆ ಸೋಪು ಹಾಕಿ ಉಜ್ಜಿ ತೊಳೆದಿದ್ದರು. ಒಳಗಿನ ಇದ್ದಿಲು ನೆನೆದರೆ ಡಬ್ಬಿ ಸತ್ತ ಹಾಗೆ. ನಾನು ಕೂಗಾಡಿದೆ. ಅಕ್ಕ ಪೆಚ್ಚಾಗಿ, “ಕ್ಲೀನಾಗಿರ್ಲಿ ಅಂತ ಮಾಡ್ದೆ ಮೇಡಂ,” ಎಂದರು. ಮಾಸ್ಕನ್ನು ತೊಳೆಯಿರಿ, ಡಬ್ಬಿಯನ್ನು ಮುಟ್ಟಬೇಡಿ ಎಂದು ಹೇಳಿ, ಹೊಸ ಡಬ್ಬಿಗಳ ಮೇಲೆ ಒಬ್ಬೊಬ್ಬರ ಹೆಸರು ಬರೆಸಿ, ಕೆಲಸ ಮುಗಿದ ಮೇಲೆ ಗಾಳಿಯಾಡದ ಸ್ಟೀಲ್ ಡಬ್ಬದಲ್ಲಿ ಇಡಿಸಿದೆ. ಸುಮ್ಮನೆ ತೆರೆದಿಟ್ಟರೂ ಇದ್ದಿಲು ಕೋಣೆಯ ಹೊಗೆಯನ್ನೆಲ್ಲ ಕುಡಿಯುತ್ತ ಕೂರುತ್ತದೆ.

ಆಷಾಢ ಶುಕ್ರವಾರ ಬಂತು. ಹೆಂಗಸರೆಲ್ಲ ಮೊದಲೇ ರಜೆ ಕೇಳಿದ್ದರು, ದೇವಿಯ ದರ್ಶನಕ್ಕೆ. ಅಂದು ಆಸಿಡ್ ಕೆಲಸವೇ ಇಲ್ಲ ಎಂದು ಹೇಳಿ ನಾನು ಜೆ.ಪಿ. ನಗರದ ಒಂದು ಅಪಾರ್ಟ್‌ಮೆಂಟಿಗೆ ಬೇರೆ ಕೆಲಸದ ಮೇಲೆ ಹೋದೆ. ನಾನು ಅಲ್ಲಿ ತಲುಪುವಷ್ಟರಲ್ಲಿ ಫೋನಿನಲ್ಲಿ ನಮ್ಮ ಗುಂಪಿಗೆ ಮ್ಯಾನೇಜರ್ ಒಂದು ಫೋಟೋ ಹಾಕಿದರು. ಯಂತ್ರದವರು ನೆಲಮಾಳಿಗೆಯ ಮೆಟ್ಟಿಲ ಮೇಲೆ ನಿಂತಿದ್ದಾರೆ, ಕೈಯಲ್ಲಿ ಆಸಿಡ್ ಕ್ಯಾನು, ಮುಖಕ್ಕೆ ಡಬ್ಬಿ ಮಾಸ್ಕು. ಮಾಸ್ಕಿನ ಎರಡೂ ಪಕ್ಕದಿಂದ ಗಡ್ಡ ಹೊರಗೆ ಚಾಚಿಕೊಂಡಿದೆ. ಕೆಳಗೆ, ‘ಸೇಫ್ಟಿ ಎಲ್ಲಾ ಓಕೆ’ ಎಂದು ಬರೆದು ಹೆಬ್ಬೆರಳಿನ ಗುರುತು.

ಮ್ಯಾನೇಜರ್ ಫೋನ್ ಎತ್ತಲಿಲ್ಲ. ಯಂತ್ರದವರದು ರಿಂಗಾಗಿ ನಿಂತಿತು. ಆಟೋ ಹಿಡಿದೆ. ಸಿಗ್ನಲ್ ಸಿಗ್ನಲ್ಲಿಗೂ ನಿಲ್ಲುತ್ತ, ಅಣ್ಣ ಬೇಗ, ಅಣ್ಣ ಬೇಗ ಎಂದು ಚಾಲಕರ ಪ್ರಾಣ ತಿಂದೆ.

ನಡೆದದ್ದು ಆಮೇಲೆ ತಿಳಿಯಿತು. ಅಂದು ಮಂಟಪದ ಮಾಲೀಕರು ನೋಡಲು ಬರುವವರಿದ್ದರು. ದೊಡ್ಡವರು ಬರುತ್ತಾರೆ ಎಂದರೆ ನಮ್ಮಲ್ಲಿ ಮೊದಲು ನಡೆಯುವ ಕೆಲಸ ಬ್ಲೀಚಿಂಗ್ ಪೌಡರ್ ಎರಚುವುದು. ರಸ್ತೆಯ ಅಂಚಿಗೆ, ಮೋರಿಯ ಪಕ್ಕಕ್ಕೆ ಬೆಳ್ಳಗೆ ಗೆರೆ ಎಳೆದುಬಿಟ್ಟರೆ ಸ್ವಚ್ಛವಾದ ಹಾಗೆ. ಮಂಟಪ ನೋಡಿಕೊಳ್ಳುವ ಮೇಲ್ವಿಚಾರಕರು ಹಾಗೇ ಮಾಡಿದ್ದರು, ಗೇಟಿನಿಂದ ಶುರುಮಾಡಿ ನೆಲಮಾಳಿಗೆಯ ಶೌಚಾಲಯದ ಮೂಲೆಮೂಲೆಗೂ ಧಾರಾಳವಾಗಿ ಎರಚಿದ್ದರು. ಉಪ್ಪಿನ ಕಲೆ ಮಾಲೀಕರ ಕಣ್ಣಿಗೆ ಬೀಳಬಾರದು ಎಂದು ಮ್ಯಾನೇಜರ್ ಅಲ್ಲಿಗೇ ಆಸಿಡ್ ಕಳಿಸಿದರು. ನೀರು ಬೆರೆಸಲೂ ಬಿಡಲಿಲ್ಲ, ಹೊತ್ತಾಯಿತು ಎಂದರಂತೆ. ಬ್ಲೀಚಿಂಗ್ ಪೌಡರಿನ ಮೇಲೆ ಆಸಿಡ್ ಬಿದ್ದರೆ ಕ್ಲೋರಿನ್ ಏಳುತ್ತದೆ. ಕಿಟಕಿಯಿಲ್ಲದ ಕೋಣೆಯಲ್ಲಿ ಅದು ಏಳುವ ರಭಸಕ್ಕೆ ಸರಿಯಾಗಿ ಕೂತ ಮಾಸ್ಕು ಕೂಡ ಓಡಿಹೋಗುವಷ್ಟು ಹೊತ್ತು ಮಾತ್ರ ಕಾಯುತ್ತದೆ. ಕೂರದ ಮಾಸ್ಕು ಅಷ್ಟನ್ನೂ ಮಾಡುವುದಿಲ್ಲ.

ಕ್ಯಾನು ಬಿದ್ದ ಸದ್ದು ಕೇಳಿ ಮೇಲ್ವಿಚಾರಕರೇ ಉಸಿರು ಬಿಗಿಹಿಡಿದು ಒಳಗೆ ನುಗ್ಗಿ, ಯಂತ್ರದವರ ರಟ್ಟೆ ಹಿಡಿದು ಎಳೆದು ತಂದಿದ್ದರು. ನಾನು ತಲುಪಿದಾಗ ಮೇಲ್ವಿಚಾರಕರು ಗೇಟಿನ ಹತ್ತಿರ ಕೂತು ಕೆಮ್ಮುತ್ತಿದ್ದರು, ಕಣ್ಣು ಕೆಂಡ. “ನಾನು ಕ್ಲೀನಾಗಿರ್ಲಿ ಅಂತ ಹಾಕ್ದೆ ಮೇಡಂ,” ಎಂದರು. ಅಕ್ಕನೂ ಇದೇ ಮಾತು ಹೇಳಿದ್ದರು. ಇವರ ಮೇಲೆ ಕೂಗಾಡಲು ನನ್ನಿಂದ ಆಗಲಿಲ್ಲ.

ಯಂತ್ರದವರನ್ನು ಹತ್ತಿರದ ನರ್ಸಿಂಗ್ ಹೋಮಿಗೆ ಸೇರಿಸಿದ್ದರು. ಬಾಯಿಗೆ ಆಮ್ಲಜನಕದ ಮಾಸ್ಕು, ಒಂದೊಂದು ಉಸಿರಿಗೂ ಎದೆ ಎದ್ದೆದ್ದು ಬೀಳುತ್ತಿತ್ತು. ಹೊರಗಿನ ಬೆಂಚಿನ ಮೇಲೆ ಅವರ ಹೆಂಡತಿ ಕೂತಿದ್ದಳು, ಹೊಟ್ಟೆಯ ಮೇಲೆ ಎರಡೂ ಕೈ. ಮ್ಯಾನೇಜರ್ ನನಗಿಂತ ಮುಂಚೆ ಬಂದು ಅವಳ ಹತ್ತಿರ ಮಾತಾಡಿ ಹೋಗಿದ್ದರು.

“ಮೇಡಂ, ಗಡ್ಡ ಇರ್ಲಿಲ್ಲ ಅಂದಿದ್ರೆ ಅವ್ರಿಗೆ ಏನೂ ಆಗ್ತಿರ್ಲಿಲ್ವಂತೆ. ಸಾರ್ ಹೇಳಿದ್ರು. ಹೌದಾ?” ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ತೆಗೀಬೇಡಿ ಅಂತ ನಾನೇ ಹೇಳಿದ್ದು.”

ಇಂಥ ಸಿಟ್ಟು ನನಗೆ ಜೀವನದಲ್ಲಿ ಬಂದಿರಲಿಲ್ಲ. ಎಂಟನೆಯ ತಿಂಗಳ ಬಸುರಿಯ ತಲೆಯ ಮೇಲೆ ಈ ಭಾರ ಹೊರಿಸಿ, ಆ ಮನುಷ್ಯ ಕಾರು ಹತ್ತಿ ಹೋಗಿದ್ದ. ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು. ಸುಳ್ಳು ಅವಳಿಗೆ ಎಷ್ಟು ದಿನ ಬಂದೀತು?

“ಗಡ್ಡ ಇದ್ದಿದ್ದಕ್ಕೆ ಮಾಸ್ಕ್ ಸೋರಿದ್ದು ನಿಜ ಕಣಮ್ಮ,” ಎಂದೆ. “ಅದು ಸೋರತ್ತೆ ಅಂತ ನಾವು ಮೊದಲೇ ನೋಡಿದ್ವಿ. ಅದಕ್ಕೇ ಅವರಿಗೆ ಅಲ್ಲಿ ಕೆಲಸಾನೇ ಇಟ್ಟಿರ್ಲಿಲ್ಲ. ಗೊತ್ತಿದ್ದೂ ಕಳಿಸಿದಾರೆ. ಕಳಿಸಿದವರ ತಪ್ಪು. ನಿಂದಲ್ಲ, ನಿನ್ನ ಗಂಡಂದೂ ಅಲ್ಲ.”

ಅವಳು ನನ್ನ ಕೈ ಹಿಡಿದುಕೊಂಡಳು. ನಂಬಿದಳೋ ಇಲ್ಲವೋ ಗೊತ್ತಿಲ್ಲ.

ಮರುದಿನ ಮಂಟಪದ ವಧುವಿನ ಕೋಣೆಯಲ್ಲಿ ಮಾತುಕತೆ. ಸುತ್ತಲೂ ಬಲ್ಬು ಹಾಕಿದ ಕನ್ನಡಿಗಳು, ಎತ್ತ ತಿರುಗಿದರೂ ಮ್ಯಾನೇಜರ್ ಮುಖವೇ ಕಾಣುತ್ತಿತ್ತು. ಮಾಲೀಕರು ಆ ಕಡೆಯ ಹಳೆಯ ಊರಿನವರು, ಮಂಟಪ ನಿಂತಿರುವುದೇ ಅವರ ತಾತನ ಹೊಲದಲ್ಲಿ.

“ಗಡ್ಡ ತೆಗಿ ಅಂತ ಎಷ್ಟ್ ಹೇಳಿದ್ರೂ ಕೇಳಲಿಲ್ಲ ಸಾರ್. ಮಾಸ್ಕ್ ಕೊಟ್ಟಿದ್ವಿ, ಫೋಟೋನೂ ಇದೆ,” ಎಂದರು ಮ್ಯಾನೇಜರ್.

“ಯಾಕ್ ತೆಗೀಲಿಲ್ಲ?” ಎಂದು ಮಾಲೀಕರು ಕೇಳಿದರು. ನಾನು ಹೇಳಿದೆ. ಅವರು ಕುರ್ಚಿಗೆ ಒರಗಿದರು. “ನಮ್ ಸೊಸೆ ಬಸುರಿ ಇದ್ದಾಗ ನನ್ ಮಗಾನೂ ತೆಗೀಲಿಲ್ಲ. ಅದರಲ್ಲೇನಿದೆ?”

ನಾನು ಒಂದು ಮಾಸ್ಕು ತೆಗೆದು ಮ್ಯಾನೇಜರ್ ಮುಂದೆ ಇಟ್ಟೆ. “ನಿಮಗೆ ಗಡ್ಡ ಇಲ್ಲ ಸಾರ್. ಚೆನ್ನಾಗಿ ಕೂರತ್ತೆ. ಬನ್ನಿ, ಕೆಳಗೆ ನೀವೇ ಒಂದು ಕ್ಯಾನ್ ಸುರೀರಿ.” ಅವರು ಮಾಸ್ಕನ್ನು ಮುಟ್ಟಲಿಲ್ಲ. ನನ್ನ ದನಿ ಎಷ್ಟು ಎತ್ತರಕ್ಕೆ ಹೋಗಿತ್ತೆಂದರೆ ಹೊರಗೆ ಗುಡಿಸುತ್ತಿದ್ದವರು ಪೊರಕೆ ನಿಲ್ಲಿಸಿದರು. ಮಾಸ್ಕು ಯಾವುದು ಎಂಬ ಪ್ರಶ್ನೆಯೇ ಕೊನೆಗೆ ಕೇಳಬೇಕಾದದ್ದು, ಮೊದಲು ಕೇಳಬೇಕಾದದ್ದು ಆ ವಿಷ ಬೇಕೇ ಎಂಬುದು ಎಂದೆ. ಬೇರೆಯವರಿಗೆ ಹೇಳುತ್ತ ಹೇಳುತ್ತ ಅದು ನನಗೂ ಆಗಲೇ ಸರಿಯಾಗಿ ಅರ್ಥವಾಯಿತು. ಇಷ್ಟು ದಿನ ಡಬ್ಬಿಯ ಬಣ್ಣಕ್ಕೆ ಜಗಳವಾಡಿದ್ದೆ, ಕ್ಯಾನಿನ ಜೊತೆ ಜಗಳವಾಡಿರಲಿಲ್ಲ.

“ಈ ಮಂಟಪಕ್ಕೆ ಇನ್ನು ಆಸಿಡ್ ಬರಲ್ಲ ಸಾರ್. ಬಂದ್ರೆ ನಾನಿರಲ್ಲ, ನಮ್ ಹೆಂಗಸರೂ ಇರಲ್ಲ.”

“ಶ್ರಾವಣಕ್ಕೆ ಮೊದಲನೇ ಮದುವೆ ಇದೆಯಲ್ಲಮ್ಮ. ಕಲೆ?” ಎಂದರು ಮಾಲೀಕರು.

“ಹೋದಷ್ಟು ಹೋಗತ್ತೆ. ಉಳಿದಿದ್ದು ಇರ್ಲಿ. ಮದುವೆಗೆ ಬಂದವರು ಬಚ್ಚಲ ಮೂಲೆ ನೋಡಕ್ಕೆ ಬರ್ತಾರಾ?”

ಉಳಿದ ಕ್ಯಾನುಗಳನ್ನು ತಂದವರಿಗೇ ವಾಪಸ್ ಕಳಿಸಿದೆ. ಅಡುಗೆಮನೆಯ ನಿಂಬೆ ಉಪ್ಪನ್ನು ಮೂಟೆಯಲ್ಲಿ ತರಿಸಿ, ಬಿಸಿನೀರಿನಲ್ಲಿ ಕರಗಿಸಿ, ಹಳೆಯ ಬಟ್ಟೆ ಅದ್ದಿ ಟೈಲ್ಸಿಗೆ ಹೊದಿಸಿ, ನೆನೆಸಿ, ಉಜ್ಜಿ, ಮತ್ತೆ ನೆನೆಸಿ ಉಜ್ಜಿದೆವು. ರಟ್ಟೆ ಬಿದ್ದು ಹೋಯಿತು. ಅಕ್ಕ ನನ್ನನ್ನು ಬೈದುಕೊಂಡೇ ಉಜ್ಜಿದರು. ಮೂಲೆಗಳಲ್ಲಿ ಬಿಳಿ ಉಳಿಯಿತು. ಶ್ರಾವಣದ ಮೊದಲ ಮದುವೆ ನಡೆಯಿತು, ಜನ ಉಂಡು ಹೋದರು, ಕಲೆಯ ಬಗ್ಗೆ ಒಬ್ಬರೂ ಸೊಲ್ಲೆತ್ತಲಿಲ್ಲ.

ಹೆರಿಗೆ ಸುಸೂತ್ರವಾಯಿತು, ಹೆಣ್ಣು ಮಗು. ಅದಾದ ಮೇಲೆ ಒಂದು ಬೆಳಿಗ್ಗೆ ಯಂತ್ರದವರು ಪೇಡದ ಪೆಟ್ಟಿಗೆ ಹಿಡಿದು ನಮ್ಮ ಆಫೀಸಿಗೆ ಬಂದರು. ಗಡ್ಡ ತೆಗೆದಿದ್ದರು, ನನಗೆ ತಕ್ಷಣ ಗುರುತೇ ಸಿಗಲಿಲ್ಲ. ಒಂದನೇ ಮಹಡಿಗೆ ಹತ್ತಿ ಬಂದದ್ದಕ್ಕೇ ಏದುಸಿರು. ನಗುತ್ತಲೇ ಎಲ್ಲರಿಗೂ ಪೇಡ ಹಂಚಿದರು. ಮ್ಯಾನೇಜರ್ ಒಂದನ್ನು ಅರ್ಧ ಕಚ್ಚಿ ಅವರ ಕೆನ್ನೆ ನೋಡಿದರು.

“ಏನಪ್ಪಾ, ನುಣ್ಣಗಾಗಿದೀಯ! ಒಳ್ಳೇದಾಯ್ತು, ಇನ್ನು ಮಾಸ್ಕ್ ಕರೆಕ್ಟಾಗಿ ಕೂರತ್ತೆ. ಅಂಜನಾಪುರದಲ್ಲಿ ಒಂದು ಮಂಟಪ ಸಿಕ್ಕಿದೆ, ಅವರಿಗೆ ಆಸಿಡ್ಡೇ ಬೇಕಂತೆ. ನೀನೇ ಹೋಗು.”

ನಾನು ಎದ್ದು ನಿಂತೆ. ಅಷ್ಟರಲ್ಲಿ ಯಂತ್ರದವರು ಶೆಲ್ಫಿನ ಮೇಲಿದ್ದ ಮಾಸ್ಕೊಂದನ್ನು ಕೈಗೆತ್ತಿಕೊಂಡಿದ್ದರು. ಕೆಲಸ ಬೇಕಿತ್ತು, ಮನೆಯಲ್ಲಿ ಈಗ ಮಗುವಿತ್ತು. ನಾನು ಕಲಿಸಿದ ಹಾಗೆಯೇ ಪಟ್ಟಿ ಬಿಗಿದು, ಎರಡೂ ಡಬ್ಬಿಯನ್ನು ಅಂಗೈಯಿಂದ ಮುಚ್ಚಿ ಉಸಿರು ಎಳೆದರು. ರಬ್ಬರು ಕೆನ್ನೆಗೆ ಅಂಟಿಕೊಂಡಿತು. ಎಲ್ಲಿಯೂ ಸೋರಲಿಲ್ಲ. ಮರುಗಳಿಗೆಯೇ ಕೆಮ್ಮು ಒತ್ತಿ ಬಂದು, ಮೇಜು ಹಿಡಿದು ಬಗ್ಗಿದರು. ನಾನು ಓಡಿಹೋಗಿ ಮಾಸ್ಕು ಕಿತ್ತೆ. ಕೆಮ್ಮು ಎಷ್ಟು ಹೊತ್ತಾದರೂ ನಿಲ್ಲಲಿಲ್ಲ.

“ಸಾರಿ ಮೇಡಂ,” ಎಂದರು ಕೊನೆಗೆ, ಕಣ್ಣೊರೆಸಿಕೊಳ್ಳುತ್ತ. “ಸರಿಯಾಗಿ ಕೂತಿತ್ತು. ಉಸಿರು ಎಳೆಯಕ್ಕಾಗ್ತಿಲ್ಲ.”

ಮ್ಯಾನೇಜರ್ ಕೈಯಲ್ಲಿ ಅರ್ಧ ಪೇಡ ಹಾಗೇ ಇತ್ತು.